ಫೀನಾಲಿಗೆ ಕ್ಲೋರಿನ್ ಅಂಟಿದರೆ ಏನಾಗುತ್ತದೆ

ಮಳೆ ಹಿಡಿದು ಹತ್ತು ದಿನವಾದರೆ ಕಾರವಾರ, ಅಂಕೋಲಾ, ಕುಮಟಾ ಕಡೆಯ ಚಿರೆಕಲ್ಲಿನ ಬಾವಿಗಳಲ್ಲಿ ನೀರು ಕಟ್ಟೆಯ ಹತ್ತಿರಕ್ಕೆ ಬರುತ್ತದೆ. ನೀರಿನ ಬಣ್ಣ ಕೆಂಪಾಗುತ್ತದೆ. ಪಂಚಾಯ್ತಿಯವರೋ ಮನೆಯವರೋ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಮರುದಿನ ಕೊಡಪಾನ ಎತ್ತಿದರೆ ಕೆಲವು ಬಾವಿಗಳ ನೀರು ಔಷಧಿ ಅಂಗಡಿಯ ಹಾಗೆ ನಾರುತ್ತದೆ. ಬರೀ ಬ್ಲೀಚಿಂಗಿನ ವಾಸನೆ ಅಲ್ಲ ಅದು, ಆಸ್ಪತ್ರೆಯ ವಾಸನೆ. "ಪೌಡರ್ ಜಾಸ್ತಿಯಾಯ್ತು" ಎಂದು ಎಲ್ಲರೂ ಹೇಳುತ್ತಾರೆ. ಎಷ್ಟೋ ಸಲ ನಿಜವಾದ ಕಾರಣ ಹಿಂದಿನ ದಿನ ಬಾವಿಕಟ್ಟೆಯನ್ನು ತೊಳೆದ ಕಪ್ಪು ಫಿನಾಯಿಲ್.

ಕಪ್ಪು ಫಿನಾಯಿಲಿನಲ್ಲಿ ಫೀನಾಲ್ ಜಾತಿಯ ವಸ್ತುಗಳಿರುತ್ತವೆ. ಬ್ಲೀಚಿಂಗ್ ಪೌಡರಿನಲ್ಲಿ ಕ್ಲೋರಿನ್ ಇರುತ್ತದೆ. ಎರಡೂ ನೀರಿನಲ್ಲಿ ಸೇರಿದಾಗ ಕ್ಲೋರಿನ್ ಫೀನಾಲಿಗೆ ಅಂಟಿಕೊಂಡು ಕ್ಲೋರೊಫೀನಾಲ್ ಆಗುತ್ತದೆ. ಇದೇ ಕ್ರಿಯೆಯನ್ನು ಕಾರ್ಖಾನೆಯಲ್ಲಿ ಬೇಕೆಂದೇ, ಅಳೆದು ತೂಗಿ ಮಾಡಿದರೆ ಡೆಟ್ಟಾಲಿನಲ್ಲಿರುವ ಕ್ಲೋರೊಕ್ಸಿಲೆನಾಲ್ ಸಿಗುತ್ತದೆ. ಬಾವಿಯಲ್ಲಿ ತಾನಾಗಿ ಆದರೆ ಕುಡಿಯುವ ನೀರು ಕೆಡುತ್ತದೆ. ಎಷ್ಟು ಕ್ಲೋರಿನ್, ಫೀನಾಲ್ ಕಣದ ಉಂಗುರದಲ್ಲಿ ಯಾವ ಜಾಗಕ್ಕೆ ಅಂಟಿತು ಎಂಬುದರ ಮೇಲೆ ಫಲ ನಿಂತಿದೆ.

ಉಂಗುರ ಮತ್ತು ಕ್ಲೋರಿನ್ ಕೂರುವ ಜಾಗ

ಆರು ಇಂಗಾಲದ ಪರಮಾಣುಗಳ ಉಂಗುರ, ಅದರ ಒಂದು ಮೂಲೆಗೆ ಆಮ್ಲಜನಕ ಮತ್ತು ಜಲಜನಕದ ಒಂದು ಜೋಡಿ. ಫೀನಾಲ್ ಎಂದರೆ ಇಷ್ಟೇ. 1834ರಲ್ಲಿ ಜರ್ಮನಿಯ ರುಂಗೆ ಇದನ್ನು ಕಲ್ಲಿದ್ದಲ ಡಾಂಬರಿನಿಂದ ಬೇರ್ಪಡಿಸಿ ಕಾರ್ಬಾಲಿಕ್ ಆಸಿಡ್ ಎಂದು ಹೆಸರಿಟ್ಟ. 1865ರಲ್ಲಿ ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್ ಅದನ್ನು ಗಾಯಕ್ಕೆ ಬಳಸಿದ ಮೇಲೆ ಶಸ್ತ್ರಚಿಕಿತ್ಸೆಯ ರೀತಿಯೇ ಬದಲಾಯಿತು. ಆದರೆ ಫೀನಾಲ್ ಚರ್ಮವನ್ನು ಸುಡುತ್ತದೆ, ಬೆಳ್ಳಗೆ ಮರಗಟ್ಟಿಸುತ್ತದೆ, ಚರ್ಮದ ಮೂಲಕ ರಕ್ತಕ್ಕೆ ಇಳಿಯುತ್ತದೆ. ರೋಗಾಣು ಸಾಯಬೇಕಾದರೆ ಅದು ಶೇಕಡಾ 1ಕ್ಕಿಂತ ಹೆಚ್ಚು ಬೇಕು, ಅಷ್ಟು ಹಾಕಿದರೆ ಕೈ ಉಳಿಯುವುದಿಲ್ಲ. ಕಡಿಮೆ ಪ್ರಮಾಣದಲ್ಲಿ ಹೆಚ್ಚು ಕೆಲಸ ಮಾಡುವ ಫೀನಾಲ್ ಬೇಕು ಎಂಬ ಹುಡುಕಾಟ ಅಲ್ಲಿಂದ ಶುರುವಾಯಿತು.

ಫೀನಾಲ್ ರೋಗಾಣುವನ್ನು ಕೊಲ್ಲುವುದು ಅದರ ಪೊರೆಯನ್ನು ಕೆಡಿಸಿ. ಬ್ಯಾಕ್ಟೀರಿಯಾದ ಪೊರೆ ಕೊಬ್ಬಿನ ತೆಳು ಪದರ. ಫೀನಾಲ್ ಅದರೊಳಗೆ ಸೇರಿಕೊಂಡರೆ ಪೊರೆ ಸೋರತೊಡಗುತ್ತದೆ. ಮೊದಲು ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಆಮೇಲೆ ದೊಡ್ಡ ಕಣಗಳು. ಪ್ರಮಾಣ ಹೆಚ್ಚಾದರೆ ಒಳಗಿನ ಪ್ರೋಟೀನುಗಳು ಹಾಲು ಒಡೆದ ಹಾಗೆ ಗಟ್ಟಿಕಟ್ಟುತ್ತವೆ. ಹಾಗಾಗಿ ಮುಖ್ಯ ಪ್ರಶ್ನೆ ಒಂದೇ: ಇದು ನೀರನ್ನು ಬಿಟ್ಟು ಕೊಬ್ಬಿಗೆ ಎಷ್ಟು ಬೇಗ ಹೋಗುತ್ತದೆ? ಮಾಮೂಲಿ ಫೀನಾಲ್ ನೀರಿಗೂ ಒಗ್ಗುತ್ತದೆ, 100 ಮಿಲಿ ನೀರಿನಲ್ಲಿ 8 ಗ್ರಾಂ ಕರಗುತ್ತದೆ. ನೀರಿಗೂ ಎಣ್ಣೆಗೂ ಹಂಚಿಕೊಳ್ಳಲು ಬಿಟ್ಟರೆ ಎಣ್ಣೆಯ ಕಡೆ ಸುಮಾರು 30 ಪಟ್ಟು ಹೆಚ್ಚು ಹೋಗುತ್ತದೆ. ಒಂದು ಕ್ಲೋರಿನ್ ಅಂಟಿಸಿದರೆ ಈ ಅಂಕಿ 250ರ ಸುತ್ತ ಏರುತ್ತದೆ. ಎರಡಾದರೆ ಸಾವಿರ ದಾಟುತ್ತದೆ, ಮೂರಾದರೆ ಸುಮಾರು 5,000. ಕ್ಲೋರಿನ್ ಇಲ್ಲಿ ವಿಷ ಬೆರೆಸುತ್ತಿಲ್ಲ, ಫೀನಾಲನ್ನು ನೀರಿನಿಂದ ಪೊರೆಯ ಕಡೆಗೆ ದೂಡುತ್ತಿದೆ. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಸುಟ್ಟು ಕೊಲ್ಲುವ ಬಗೆಗೂ ಕ್ಲೋರೊಫೀನಾಲಿನ ಕ್ಲೋರಿನ್ನಿಗೂ ಸಂಬಂಧವಿಲ್ಲ. ಉಂಗುರಕ್ಕೆ ಅಂಟಿದ ಮೇಲೆ ಅದು ಬಿಡುವುದಿಲ್ಲ, ಬಟ್ಟೆಯನ್ನು ಬಿಳಿ ಮಾಡುವುದಿಲ್ಲ, ಮೂಗಿಗೆ ಕ್ಲೋರಿನ್ ವಾಸನೆಯನ್ನೂ ಕೊಡುವುದಿಲ್ಲ.

ಬೆಂಜೀನಿಗೆ ಕ್ಲೋರಿನ್ ಅಂಟಿಸಲು ಕಬ್ಬಿಣದ ಕ್ಲೋರೈಡಿನಂಥ ಪ್ರೇರಕ ಬೇಕು. ಫೀನಾಲಿಗೆ ಏನೂ ಬೇಡ, ತಣ್ಣಗಿನ ನೀರಿನಲ್ಲೇ ಅಂಟಿಕೊಳ್ಳುತ್ತದೆ. ಮೂಲೆಯಲ್ಲಿರುವ ಆಮ್ಲಜನಕ ತನ್ನ ಎಲೆಕ್ಟ್ರಾನುಗಳನ್ನು ಉಂಗುರದೊಳಗೆ ತಳ್ಳುವುದರಿಂದ ಹೀಗೆ. ತಳ್ಳಿದ ಎಲೆಕ್ಟ್ರಾನುಗಳು ಮೂರು ಜಾಗದಲ್ಲಿ ಗುಂಪಾಗುತ್ತವೆ: ಆಮ್ಲಜನಕದ ಎಡಬಲದ ಎರಡು ಮೂಲೆ, ಮತ್ತು ಅದರ ನೇರ ಎದುರಿನ ಒಂದು ಮೂಲೆ. ಪಕ್ಕದವನ್ನು ಆರ್ಥೊ, ಎದುರಿನದನ್ನು ಪ್ಯಾರಾ ಎನ್ನುತ್ತಾರೆ. ಕ್ಲೋರಿನ್ ಸುಲಭವಾಗಿ ಕೂರುವುದು ಈ ಮೂರು ಜಾಗಗಳಲ್ಲಿ. ತಡೆಯದೆ ಬಿಟ್ಟರೆ ಮೂರನ್ನೂ ತುಂಬಿ ಟ್ರೈಕ್ಲೋರೊಫೀನಾಲ್ ಆಗುತ್ತದೆ. ಈ ಆರ್ಥೊ, ಪ್ಯಾರಾ ವ್ಯತ್ಯಾಸ ಬರೀ ಪರೀಕ್ಷೆಗೆ ಓದುವ ವಿಷಯವಲ್ಲ. ಸುರಕ್ಷಿತ ಕ್ರಿಮಿನಾಶಕಕ್ಕೂ ಡಯಾಕ್ಸಿನ್ ಎಂಬ ಘೋರ ವಿಷಕ್ಕೂ ನಡುವಿನ ಗಡಿ ಅಲ್ಲೇ ಇದೆ.

ಒಂದರಲ್ಲಿ ನಿಲ್ಲಿಸುವುದೇ ಕೌಶಲ

ಕ್ಲೋರಿನ್ ಹೆಚ್ಚಿದಷ್ಟೂ ಬಲ ಹೆಚ್ಚುವುದಾದರೆ ಉಂಗುರದ ಉಳಿದ ಐದೂ ಮೂಲೆಗೆ ಯಾಕೆ ತುಂಬಬಾರದು? ತುಂಬಿ ನೋಡಿದ್ದಾರೆ. ಅದರ ಹೆಸರು ಪೆಂಟಾಕ್ಲೋರೊಫೀನಾಲ್, ಮರಕ್ಕೆ ಹುಳು ಬೀಳದಂತೆ ಹಚ್ಚುತ್ತಿದ್ದ ಔಷಧ. ಮಣ್ಣಿನಲ್ಲಿ ಬಹುಕಾಲ ಉಳಿಯುತ್ತದೆ, ಮೈಯ ಕೊಬ್ಬಿನಲ್ಲಿ ಸೇರುತ್ತದೆ. ಭಾರತದಲ್ಲಿ 1991ರಲ್ಲಿ ನಿಷೇಧವಾಯಿತು, 2015ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಸೇರಿತು. ಔಷಧ ಕುಡಿಸಿದ ಹಳೆಯ ಮರದ ತುಂಡುಗಳನ್ನು ಬಚ್ಚಲ ಒಲೆಗೆ ಹಾಕಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಮಿತಿಯೂ ಇದೆ, ಅದನ್ನು ಹೆಚ್ಚು ಜನ ಗಮನಿಸುವುದಿಲ್ಲ. ಕ್ಲೋರಿನ್ ಹೆಚ್ಚಾದ ಹಾಗೆ ಫೀನಾಲ್ ಹೆಚ್ಚು ಆಮ್ಲೀಯವಾಗುತ್ತದೆ. ಮಾಮೂಲಿ ಫೀನಾಲ್ ಅರ್ಧದಷ್ಟು ಅಯಾನಾಗಬೇಕಾದರೆ, ಅಂದರೆ ಜಲಜನಕ ಕಳೆದುಕೊಂಡು ವಿದ್ಯುದಾವೇಶ ಪಡೆಯಬೇಕಾದರೆ, ನೀರಿನ ಪಿಎಚ್ (ಆಮ್ಲ, ಕ್ಷಾರದ ಅಳತೆ) 10 ಇರಬೇಕು. ಎರಡು ಕ್ಲೋರಿನ್ ಇದ್ದರೆ 7.9 ಸಾಕು, ಮೂರಿದ್ದರೆ 6ರ ಆಸುಪಾಸು, ಐದಿದ್ದರೆ 4.7. ಅಯಾನಾದ ಫೀನಾಲ್ ನೀರಿಗೇ ಅಂಟಿಕೊಳ್ಳುತ್ತದೆ, ಪೊರೆಯೊಳಗೆ ಸುಲಭವಾಗಿ ಹೋಗುವುದಿಲ್ಲ. ಸಾಬೂನು ನೀರಿನ ಪಿಎಚ್ 9, 10 ಇರುತ್ತದೆ. ಅದರಲ್ಲಿ ಟ್ರೈಕ್ಲೋರೊಫೀನಾಲ್ ಬಹುಪಾಲು ಅಯಾನಾಗಿ ಕೈಕಟ್ಟಿ ಕೂರುತ್ತದೆ. ಒಂದೇ ಕ್ಲೋರಿನ್ ಇರುವ ಕ್ಲೋರೊಕ್ಸಿಲೆನಾಲಿನ ಅಂಕಿ 9.7ರಷ್ಟು, ಆದ್ದರಿಂದ ಸಾಬೂನಿನ ಜೊತೆಯಲ್ಲೂ ಅದು ಕೆಲಸಕ್ಕೆ ಉಳಿಯುತ್ತದೆ.

ಹಾಗಾದರೆ ಕ್ಲೋರಿನ್ ಒಂದೇ ಇರಲಿ, ಕೊಬ್ಬಿನ ಒಲವನ್ನು ಬೇರೆ ದಾರಿಯಿಂದ ಹೆಚ್ಚಿಸೋಣ ಎನ್ನುವುದು ಬುದ್ಧಿವಂತರ ಉಪಾಯ. ಉಂಗುರಕ್ಕೆ ಎರಡು ಮೀಥೈಲ್ ಗುಂಪು (ಒಂದು ಇಂಗಾಲ, ಮೂರು ಜಲಜನಕ) ಇರುವ ಕ್ಸಿಲೆನಾಲನ್ನು ತೆಗೆದುಕೊಂಡು ಪ್ಯಾರಾ ಜಾಗಕ್ಕೆ ಒಂದು ಕ್ಲೋರಿನ್ ಕೂರಿಸುತ್ತಾರೆ. ಲೆಕ್ಕ ಸರಳ: 122 ಗ್ರಾಂ ಕ್ಸಿಲೆನಾಲಿಗೆ 71 ಗ್ರಾಂ ಕ್ಲೋರಿನ್ ಸೇರಿದರೆ 156.5 ಗ್ರಾಂ ಕ್ಲೋರೊಕ್ಸಿಲೆನಾಲ್, ಜೊತೆಗೆ 36.5 ಗ್ರಾಂ ಹೈಡ್ರೊಕ್ಲೋರಿಕ್ ಆಸಿಡ್ ಅನಿಲ. ಒಳಗೆ ಹೋದ ಕ್ಲೋರಿನ್ನಿನ ಅರ್ಧ ಹೀಗೆ ಆಸಿಡ್ ಆಗಿ ಹೊರಬೀಳುತ್ತದೆ, ಅದನ್ನು ಹಿಡಿದು ಶುದ್ಧೀಕರಿಸುವ ವ್ಯವಸ್ಥೆ ಇಲ್ಲದೆ ಈ ಕೆಲಸ ಆಗುವುದೇ ಇಲ್ಲ. ಕ್ಲೋರಿನ್ ಬದಲು ಸಲ್ಫ್ಯುರಿಲ್ ಕ್ಲೋರೈಡ್ ಎಂಬ ದ್ರವವನ್ನು ಬಳಸುವುದೂ ಇದೆ. ಅದರಲ್ಲಿ ಗಂಧಕದ ಡೈಆಕ್ಸೈಡ್ ಕೂಡ ಬರುತ್ತದೆ.

ಕೆಡುವುದು ಎರಡು ಕಡೆ. ಕ್ಲೋರಿನ್ ಆತುರದಿಂದ ಸೇರಿಸಿದರೆ, ಸೇರುವ ಜಾಗದಲ್ಲೇ ಅದು ಹೆಚ್ಚಾಗಿ, ಆಗಲೇ ಒಂದು ಕ್ಲೋರಿನ್ ಪಡೆದ ಕಣಕ್ಕೆ ಎರಡನೆಯದು ಅಂಟುತ್ತದೆ. ಪಾತ್ರೆಯ ಒಂದು ಮೂಲೆಯಲ್ಲಿ ಡೈಕ್ಲೋರೊ, ಇನ್ನೊಂದು ಮೂಲೆಯಲ್ಲಿ ಏನೂ ಆಗದ ಕ್ಸಿಲೆನಾಲ್. ಅದಕ್ಕೇ ನಿಧಾನವಾಗಿ, ಚೆನ್ನಾಗಿ ಕಲಕುತ್ತ, ಬಿಸಿ ಏರದಂತೆ ಸೇರಿಸಬೇಕು. ಎರಡನೆಯದು, ಕ್ಲೋರಿನ್ ಪ್ಯಾರಾ ಬಿಟ್ಟು ಆರ್ಥೊದಲ್ಲಿ ಕೂರುವುದು. ಅದು ಪೂರ್ತಿ ತಪ್ಪುವುದಿಲ್ಲ. ಕೊನೆಯಲ್ಲಿ ದ್ರಾವಕದಲ್ಲಿ ಕರಗಿಸಿ ಹರಳುಗಟ್ಟಿಸಿ ಬೇರ್ಪಡಿಸುತ್ತಾರೆ. ಶುದ್ಧ ಕ್ಲೋರೊಕ್ಸಿಲೆನಾಲ್ ಬಿಳಿ ಹರಳು, 115 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ.

ಇಷ್ಟು ವಿವರ ಓದಿ ಮನೆಯ ಹಿಂದೆ ಬ್ಲೀಚಿಂಗ್ ಪೌಡರ್ ಮತ್ತು ಫಿನಾಯಿಲ್ ಬೆರೆಸಿ "ಸ್ಟ್ರಾಂಗ್ ಫಿನಾಯಿಲ್" ಮಾಡುವ ಯೋಚನೆ ಯಾರಿಗಾದರೂ ಬಂದರೆ, ದಯವಿಟ್ಟು ಬೇಡ. ಆ ಮಿಶ್ರಣದಲ್ಲಿ ಪ್ಯಾರಾ, ಆರ್ಥೊ, ಒಂದು, ಎರಡು, ಮೂರು ಎಲ್ಲ ಒಟ್ಟಿಗೆ ಹುಟ್ಟುತ್ತವೆ. ಡೈಕ್ಲೋರೊಫೀನಾಲ್ ಬರೀ 45 ಡಿಗ್ರಿಯ ಹತ್ತಿರ ಕರಗುವ ವಸ್ತು. ಕರಗಿದ ರೂಪದಲ್ಲಿ ಅದು ಮೈಯ ಸ್ವಲ್ಪ ಭಾಗಕ್ಕೆ ಚೆಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಕಾರ್ಮಿಕರು ಬೇಗನೆ ಸತ್ತಿದ್ದಾರೆ. ಚರ್ಮ ಅದನ್ನು ತಡೆಯುವುದಿಲ್ಲ. ಮೇಲಾಗಿ, ಹಾಗೆ ಬೆರೆಸಿದಾಗ ಫಿನಾಯಿಲಿನ ಫೀನಾಲ್ ಬ್ಲೀಚಿಂಗಿನ ಕ್ಲೋರಿನ್ನನ್ನು ತಿಂದುಹಾಕುತ್ತದೆ: 1 ಗ್ರಾಂ ಫೀನಾಲಿಗೆ 2.26 ಗ್ರಾಂ ಕ್ಲೋರಿನ್. ಅಷ್ಟು ಕ್ಲೋರಿನ್ ರೋಗಾಣುವಿನ ಮೇಲೆ ಹೋಗಬೇಕಾಗಿದ್ದು, ಬಕೆಟ್ಟಿನಲ್ಲೇ ಮುಗಿಯಿತು.

ಡಯಾಕ್ಸಿನ್ ಮಾತು ಅರ್ಧಕ್ಕೆ ನಿಂತಿತ್ತು. ಒಂದು ಕ್ಲೋರೊಫೀನಾಲಿನ ಆಮ್ಲಜನಕ ಇನ್ನೊಂದರ ಆರ್ಥೊ ಕ್ಲೋರಿನ್ನನ್ನು ಕಿತ್ತು ಆ ಜಾಗದಲ್ಲಿ ಕೂತು, ಇನ್ನೊಂದೂ ಹಾಗೆಯೇ ಮಾಡಿದರೆ, ಎರಡು ಉಂಗುರಗಳ ನಡುವೆ ಮೂರನೆಯ ಉಂಗುರ ಕಟ್ಟಿಕೊಳ್ಳುತ್ತದೆ. ಅದೇ ಡಯಾಕ್ಸಿನ್. ಇದಕ್ಕೆ ಕ್ಷಾರ ಮತ್ತು ಹೆಚ್ಚಿನ ಶಾಖ ಬೇಕು. 1976ರ ಜುಲೈ 10ರಂದು ಇಟಲಿಯ ಸೆವೆಸೊ ಪಕ್ಕದ ಕಾರ್ಖಾನೆಯಲ್ಲಿ ಟ್ರೈಕ್ಲೋರೊಫೀನಾಲ್ ತಯಾರಿಸುವ ಪಾತ್ರೆ ಮಿತಿಮೀರಿ ಕಾದು ಊರಿನ ಮೇಲೆ ಡಯಾಕ್ಸಿನ್ ಮೋಡ ಹರಡಿದ್ದು ಹೀಗೆ. ಕ್ಲೋರೊಕ್ಸಿಲೆನಾಲಿನ ಕ್ಲೋರಿನ್ ಪ್ಯಾರಾದಲ್ಲಿದೆ, ಆರ್ಥೊ ಖಾಲಿ. ಈ ದಾರಿ ಅದಕ್ಕೆ ಮುಚ್ಚಿದೆ. 1930ರ ದಶಕದಿಂದ ಇಂದಿನವರೆಗೆ ಅದು ಮನೆಮನೆಯಲ್ಲಿ ಉಳಿದಿರುವುದಕ್ಕೆ ಈ ರಚನೆಯ ಕೊಡುಗೆ ಸಣ್ಣದಲ್ಲ. ಹೆಚ್ಚು ಕ್ಲೋರಿನ್ ಹೊತ್ತ ಅದರ ನೆಂಟರ ಗತಿ ನೋಡಿ: ಆರು ಕ್ಲೋರಿನ್ನಿನ ಹೆಕ್ಸಾಕ್ಲೋರೊಫೀನ್ 1972ರಲ್ಲಿ ಫ್ರಾನ್ಸಿನಲ್ಲಿ ಮಕ್ಕಳ ಪೌಡರಿಗೆ ತಪ್ಪಿ ಹೆಚ್ಚು ಬಿದ್ದು ಶಿಶುಗಳನ್ನು ಬಲಿ ತೆಗೆದುಕೊಂಡಿತು. ಮೂರು ಕ್ಲೋರಿನ್ನಿನ ಟ್ರೈಕ್ಲೋಸಾನನ್ನು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಕೈತೊಳೆಯುವ ಸಾಬೂನುಗಳಿಂದ ಹೊರಹಾಕಿತು.

ಗೇರೆಣ್ಣೆಯ ಬಗ್ಗೆ ಒಂದು ಮಾತು

ಕುಮಟಾ, ಹೊನ್ನಾವರದ ಕಡೆ ಗೇರುಬೀಜ ಸುಲಿದ ಕೈಗಳಿಗೆ ಫೀನಾಲ್ ಹೊಸ ಪರಿಚಯವಲ್ಲ. ಗೇರುಸಿಪ್ಪೆಯ ಎಣ್ಣೆ ಹೆಚ್ಚುಕಡಿಮೆ ಪೂರ್ತಿ ಫೀನಾಲ್ ಜಾತಿಯದೇ: ಅನಾಕಾರ್ಡಿಕ್ ಆಸಿಡ್, ಕಾರ್ಡಾಲ್, ಬಿಸಿ ಮಾಡಿದ ಮೇಲೆ ಮುಖ್ಯವಾಗಿ ಕಾರ್ಡನಾಲ್. ಕೈ ಸುಟ್ಟು ಬೊಬ್ಬೆ ಏಳುವುದೂ, ದೋಣಿಯ ಹಲಗೆಗೆ ಹಚ್ಚಿದರೆ ಹುಳು ಹಿಡಿಯದಿರುವುದೂ ಇದರಿಂದಲೇ. ಹಾಗಾದರೆ ಇದಕ್ಕೂ ಕ್ಲೋರಿನ್ ಅಂಟಿಸಿ ಊರಿನದೇ ಕ್ರಿಮಿನಾಶಕ ಮಾಡಬಹುದೇ ಎಂಬ ಪ್ರಶ್ನೆ ಸಹಜ.

ನೇರವಾಗಿ ಮಾಡಿದರೆ ಫಲವಿಲ್ಲ. ಕಾರ್ಡನಾಲಿನ ಉಂಗುರಕ್ಕೆ 15 ಇಂಗಾಲದ ಉದ್ದ ಬಾಲವಿದೆ. ಬಾಲದಲ್ಲಿ ಮೂರರವರೆಗೆ ಜೋಡಿಬಂಧಗಳಿರುತ್ತವೆ. ಹಾಕಿದ ಕ್ಲೋರಿನ್ ಉಂಗುರಕ್ಕೆ ಮಾತ್ರವಲ್ಲ, ಆ ಜೋಡಿಬಂಧಗಳಿಗೂ ಹೋಗಿ ಸೇರುತ್ತದೆ, ಎಣ್ಣೆ ಅಂಟಾಗುತ್ತದೆ. ಮೊದಲು ಜಲಜನಕ ತುಂಬಿ ಬಾಲವನ್ನು ತಣಿಸಬೇಕು. ತಣಿಸಿದರೂ ಇನ್ನೊಂದು ತೊಡಕು ಉಳಿಯುತ್ತದೆ: ಅಷ್ಟು ಉದ್ದ ಬಾಲದಿಂದ ಅದು ಆಗಲೇ ಅತಿಯಾಗಿ ಎಣ್ಣೆಯ ಪಕ್ಷ. ನೀರಿನಲ್ಲಿ ಕರಗದ್ದು ಬ್ಯಾಕ್ಟೀರಿಯಾದ ಹತ್ತಿರ ಹೋಗುವುದು ಹೇಗೆ? ಮತ್ತಷ್ಟು ಕ್ಲೋರಿನ್ ಸೇರಿಸಿದರೆ ಬಲ ಏರುವ ಬದಲು ಇಳಿಯುತ್ತದೆ. ಗೇರೆಣ್ಣೆಯ ಜಾಗ ಬಣ್ಣ, ರಾಳ, ಬ್ರೇಕ್ ಲೈನಿಂಗ್. ಅಲ್ಲಿ ಅದು ಚಿನ್ನದಂಥ ಸರಕು.

ಬಾಟಲಿಯಿಂದ ಬಕೆಟ್ಟಿಗೆ

ಕ್ಲೋರೊಕ್ಸಿಲೆನಾಲ್ ನೀರಿನಲ್ಲಿ ಲೀಟರಿಗೆ ಸುಮಾರು 300 ಮಿಲಿಗ್ರಾಂ ಮಾತ್ರ ಕರಗುತ್ತದೆ. ಡೆಟ್ಟಾಲ್ ಬಾಟಲಿಯಲ್ಲಿ ಶೇಕಡಾ 4.8, ಅಂದರೆ ಲೀಟರಿಗೆ 48 ಗ್ರಾಂ ಇದೆ. ಇದು ಸಾಧ್ಯವಾಗಿದ್ದು ಹರಳೆಣ್ಣೆಯ ಸಾಬೂನು, ಟರ್ಪಿನಿಯಾಲ್ ಎಂಬ ಪರಿಮಳದ ಎಣ್ಣೆ ಮತ್ತು ಆಲ್ಕೋಹಾಲಿನಿಂದ. ಬ್ರಿಟಿಷ್ ಫಾರ್ಮಕೋಪಿಯಾ ಎಂಬ ಅಧಿಕೃತ ಔಷಧ ಗ್ರಂಥದ ಸೂತ್ರದಲ್ಲಿ ಲೀಟರಿಗೆ 50 ಗ್ರಾಂ ಕ್ಲೋರೊಕ್ಸಿಲೆನಾಲ್, 63 ಗ್ರಾಂ ಹರಳೆಣ್ಣೆ, 100 ಮಿಲಿ ಟರ್ಪಿನಿಯಾಲ್, 200 ಮಿಲಿ ಆಲ್ಕೋಹಾಲ್. ನೀರಿಗೆ ಹಾಕಿದಾಗ ಹಾಲಿನಂತೆ ಬಿಳುಪಾಗುವುದು ಈ ಎಣ್ಣೆ ಸಣ್ಣ ಹನಿಗಳಾಗಿ ಒಡೆಯುವುದರಿಂದ. ಆ ಹನಿಗಳೇ ಔಷಧದ ಗೋದಾಮು. ನೀರಿನಲ್ಲಿ ಕರಗಿದ್ದು ಖರ್ಚಾದಂತೆ ಹನಿಯಿಂದ ಮತ್ತೆ ಬರುತ್ತದೆ.

ಗಜನಿ ಬಯಲಿನ (ಉಪ್ಪುನೀರು ನುಗ್ಗುವ ಗದ್ದೆಗಳ) ಅಂಚಿನ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಏರುತ್ತದೆ. ಆ ನೀರಿಗೆ ಹಾಕಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನನ್ನು ಹಿಡಿದು ಒಡೆಸುತ್ತವೆ. ಬಿಳುಪು ಸಮನಾಗಿ ಹರಡದೆ ಮೇಲೆ ಅಂಟು ಜಿಡ್ಡು ತೇಲುತ್ತದೆ. ಹಾಗಾದರೆ ಆ ಬಕೆಟ್ಟಿನ ಕೆಳಗಿನ ನೀರಿನಲ್ಲಿ ಔಷಧವಿಲ್ಲ ಎಂದೇ ತಿಳಿಯಬೇಕು. ಮಳೆನೀರು ಹಿಡಿದಿಟ್ಟಿದ್ದರೆ ಅದು ಒಳ್ಳೆಯದು.

ಈಗ ಅತಿ ಮುಖ್ಯವಾದ ಮಾತು. ಫೀನಾಲುಗಳಿಗೆ ನೀರು ಬೆರೆಸುವುದರಲ್ಲಿ ಕ್ಷಮೆಯಿಲ್ಲ. ಕ್ಲೋರಿನ್ ನೀರನ್ನು ಅರ್ಧಕ್ಕೆ ತೆಳುಮಾಡಿದರೆ ಕೊಲ್ಲಲು ಎರಡರಷ್ಟು ಹೊತ್ತು ಬೇಕು, ಅಷ್ಟೇ. ಫೀನಾಲಿಗೆ ಈ ಲೆಕ್ಕದ ಘಾತ ಸುಮಾರು 6. ಅರ್ಧಕ್ಕೆ ತೆಳುಮಾಡಿದರೆ ಎರಡನ್ನು ಆರು ಸಲ ಗುಣಿಸಬೇಕು: 64 ಪಟ್ಟು ಹೊತ್ತು. ಐದು ನಿಮಿಷದ ಕೆಲಸಕ್ಕೆ ಐದು ಗಂಟೆಗೂ ಹೆಚ್ಚು. ಹತ್ತರಷ್ಟು ತೆಳುಮಾಡಿದರೆ ಹತ್ತು ಲಕ್ಷ ಪಟ್ಟು, ಅಂದರೆ ಕೆಲಸವೇ ಆಗುವುದಿಲ್ಲ. ಗಾಯ ತೊಳೆಯಲು ಲೀಟರಿಗೆ 50 ಮಿಲಿ ಎಂದು ಲೇಬಲ್ ಹೇಳುವಾಗ ಅದನ್ನು 5 ಮಿಲಿಗೆ ಇಳಿಸಿ ಉಳಿತಾಯ ಮಾಡಿದೆವು ಎಂದುಕೊಳ್ಳುವುದು ತಪ್ಪು ಲೆಕ್ಕ. ಸ್ನಾನದ 20 ಲೀಟರ್ ಬಕೆಟ್ಟಿಗೆ ಒಂದು ಮುಚ್ಚಳ ಹಾಕಿದರೆ ಸಿಗುವುದು ಪರಿಮಳ. ಹಾಗೆಂದು ನೀರು ಬೆರೆಸದೆ ಹಚ್ಚಬಾರದು, ಚರ್ಮ ಸುಡುತ್ತದೆ.

ಕೊಟ್ಟಿಗೆಗೆ ಫಿನಾಯಿಲ್ ತರುವಾಗ ಡಬ್ಬದ ಮೇಲೆ ಆರ್.ಡಬ್ಲ್ಯು. ಕೋಎಫಿಷಿಯೆಂಟ್ ಎಂಬ ಅಂಕಿಯನ್ನು ಹುಡುಕಿ. 1903ರಲ್ಲಿ ರಿಡೀಲ್ ಮತ್ತು ವಾಕರ್ ಟೈಫಾಯ್ಡ್ ರೋಗಾಣುವಿನ ಮೇಲೆ ರೂಪಿಸಿದ ಅಳತೆ ಅದು. ಶುದ್ಧ ಫೀನಾಲಿನ ಬಲ 1 ಎಂದಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೋಲಿಸುತ್ತಾರೆ. ಆ ಅಂಕಿಯನ್ನು 20ರಿಂದ ಗುಣಿಸಿದರೆ ಎಷ್ಟು ಪಾಲು ನೀರು ಸೇರಿಸಬಹುದು ಎಂಬ ಅಂದಾಜು ಬರುತ್ತದೆ. ಅಂಕಿ 5 ಇದ್ದರೆ 100 ಪಾಲು ನೀರು, ಅಂದರೆ ಲೀಟರಿಗೆ 10 ಮಿಲಿ. ಅಂಕಿಯೇ ಇಲ್ಲದ ಬಿಳಿ ಫಿನಾಯಿಲಿನಲ್ಲಿ ಬಹುತೇಕ ಇರುವುದು ಪೈನ್ ಎಣ್ಣೆ ಮತ್ತು ಸಾಬೂನು. ಅದು ನೆಲ ಒರೆಸಲು ಸರಿ, ರೋಗ ಬಂದ ಕೊಟ್ಟಿಗೆಗೆ ಸಾಲದು.

ಶಿರಸಿ, ಸಿದ್ದಾಪುರದ ಕೊಟ್ಟಿಗೆಗಳಲ್ಲಿ ಸೊಪ್ಪು, ದರಕು ಹಾಸುವ ರೂಢಿ ಇರುವುದರಿಂದ ನೆಲದಲ್ಲಿ ಸಗಣಿ, ಗಂಜಲ, ಕೊಳೆತ ಎಲೆ ಬೆರೆತಿರುತ್ತದೆ. ಅಂಥಲ್ಲಿ ಬ್ಲೀಚಿಂಗ್ ಸೋಲುತ್ತದೆ, ಸಗಣಿಯೇ ಕ್ಲೋರಿನ್ ತಿಂದುಬಿಡುತ್ತದೆ. ಕ್ರೆಸಾಲ್, ಕ್ಸಿಲೆನಾಲ್ ಎಂಬ ಫೀನಾಲುಗಳು ಇರುವ ಕಪ್ಪು ಫಿನಾಯಿಲ್ ಗಲೀಜಿನಲ್ಲೂ ಸಾಕಷ್ಟು ತಾಳಿಕೊಳ್ಳುತ್ತದೆ. ಆದರೂ ಗೊಬ್ಬರ ಎಳೆದು, ನೀರಿನಿಂದ ತೊಳೆದು, ನೀರು ಬಸಿದ ಮೇಲೆ ಹಾಕಬೇಕು. ನೆಲದಲ್ಲಿ ನಿಂತ ನೀರೂ ಔಷಧವನ್ನು ತೆಳುಮಾಡುತ್ತದೆ, ಘಾತ 6ರ ಲೆಕ್ಕ ಅಲ್ಲಿಯೂ ನಡೆಯುತ್ತದೆ. ಹತ್ತು ನಿಮಿಷ ಬಿಟ್ಟು ಮತ್ತೆ ತೊಳೆಯಬೇಕು. ಕರು ನೆಲ ನೆಕ್ಕುತ್ತದೆ. ಬೆಕ್ಕಿಗಂತೂ ಫೀನಾಲ್ ತುಂಬ ಅಪಾಯ, ಅದನ್ನು ಮೈಯಿಂದ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಕಡಿಮೆ.

ಕಾಲುಬಾಯಿ ಜ್ವರ ಬಂದರೆ ಮಾತ್ರ ಫಿನಾಯಿಲನ್ನು ನಂಬಬೇಡಿ. ಆ ವೈರಸ್ಸಿಗೆ ಕೊಬ್ಬಿನ ಹೊರಪೊರೆಯೇ ಇಲ್ಲ. ಪೊರೆಯನ್ನು ಒಡೆದು ಕೊಲ್ಲುವ ಔಷಧಕ್ಕೆ ಒಡೆಯಲು ಏನೂ ಸಿಗುವುದಿಲ್ಲ. ಆಗ ಬೇಕಾದ್ದು ಶೇಕಡಾ 4ರ ವಾಷಿಂಗ್ ಸೋಡಾ ದ್ರಾವಣ: 10 ಲೀಟರ್ ನೀರಿಗೆ ಒಣ ಪುಡಿಯಾದರೆ 400 ಗ್ರಾಂ, ಹರಳಿನ ಸೋಡಾ ಆದರೆ ಅದರಲ್ಲಿ ನೀರೇ ಹೆಚ್ಚಿರುವುದರಿಂದ ಸುಮಾರು 1 ಕಿಲೋ. ಆ ವೈರಸ್ಸಿಗೆ ಕ್ಷಾರ ತಡೆಯದು. ಬ್ಯಾಕ್ಟೀರಿಯಾದ ಬೀಜಕಣಗಳಿಗೂ ಫೀನಾಲುಗಳು ನಾಟುವುದಿಲ್ಲ. ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಕ್ಲೋರೊಕ್ಸಿಲೆನಾಲನ್ನು ಸಾಕಷ್ಟು ತಡೆದುಕೊಳ್ಳುತ್ತದೆ. ಹಾಗಾಗಿ ನೀರು ಬೆರೆಸಿದ ಔಷಧವನ್ನು ದಿನಗಟ್ಟಲೆ ಇಟ್ಟು ಬಳಸಬಾರದು.

ಪಾತ್ರೆ ತೊಳೆಯುವ ಲಿಕ್ವಿಡ್ಡಿಗೆ ಡೆಟ್ಟಾಲ್ ಬೆರೆಸುವ ಅಭ್ಯಾಸವೂ ಕೆಲವರಿಗಿದೆ. ಕೆಲವು ಡಿಟರ್ಜೆಂಟುಗಳು, ಮುಖ್ಯವಾಗಿ ವಿದ್ಯುದಾವೇಶ ಇಲ್ಲದ ಜಾತಿಯವು, ಫೀನಾಲನ್ನು ತಮ್ಮ ಸೂಕ್ಷ್ಮ ಗುಳ್ಳೆಗಳೊಳಗೆ ಬಚ್ಚಿಟ್ಟುಕೊಂಡು ಬಿಡುವುದೇ ಇಲ್ಲ. ಮೊದಲು ತೊಳೆಯಿರಿ, ಜಾಲಿಸಿ, ಆಮೇಲೆ ಕ್ರಿಮಿನಾಶಕ.

ಹಾಲಿನ ಕ್ಯಾನಿಗೆ, ಮೀನಿನ ಬಾಕ್ಸಿಗೆ, ಅಡಿಕೆ ಅಟ್ಟಕ್ಕೆ

ಆಹಾರ ಮುಟ್ಟುವ ಯಾವುದಕ್ಕೂ ಫೀನಾಲ್ ಜಾತಿಯದು ಬೇಡ. ರಬ್ಬರ್, ಪ್ಲಾಸ್ಟಿಕ್ ಅದನ್ನು ಕುಡಿದುಕೊಂಡು ದಿನಗಟ್ಟಲೆ ಬಿಡುತ್ತವೆ. ಹಾಲಿನ ಕೊಬ್ಬು ಅದನ್ನು ಎಳೆದುಕೊಳ್ಳುತ್ತದೆ, ಮೇಲೆ ಹೇಳಿದ ಪೊರೆಯ ಕೊಬ್ಬಿನ ಹಾಗೆಯೇ. ಕ್ಯಾನ್ ತೊಳೆಯಲು ಬಿಸಿನೀರು, ಸೋಡಾ, ಬಿಸಿಲು ಸಾಕು.

ಬೈತಖೋಲ ಅಥವಾ ತದಡಿಯ ಬಂದರಿನಲ್ಲಿ ಮೀನಿನ ಕ್ರೇಟುಗಳಿಗೆ ಕ್ಲೋರಿನ್ ನೀರೇ ಸರಿ. ಲೋಳೆ, ರಕ್ತ ತೊಳೆದ ಮೇಲೆ ಲೀಟರಿಗೆ 100 ಮಿಲಿಗ್ರಾಂ ಕ್ಲೋರಿನ್: ಶೇಕಡಾ 30ರ ಬ್ಲೀಚಿಂಗ್ ಪೌಡರ್ ಆದರೆ 100 ಲೀಟರಿಗೆ 33 ಗ್ರಾಂ. ಹತ್ತು ನಿಮಿಷದ ಮೇಲೆ ಒಳ್ಳೆಯ ನೀರಿನಲ್ಲಿ ಜಾಲಿಸಬೇಕು. ಇದಕ್ಕೆ ಸಮುದ್ರದ ನೀರು ಬೇಡ. ಸಮುದ್ರದ ಲೀಟರ್ ನೀರಿನಲ್ಲಿ ಸುಮಾರು 65 ಮಿಲಿಗ್ರಾಂ ಬ್ರೋಮೈಡ್ ಇದೆ. ಕ್ಲೋರಿನ್ ಬಿದ್ದ ಕೂಡಲೇ ಅದು ಬ್ರೋಮಿನ್ನಾಗುತ್ತದೆ, ಫೀನಾಲ್ ಎಲ್ಲಾದರೂ ಇದ್ದರೆ ಬ್ರೋಮೊಫೀನಾಲ್ ಹುಟ್ಟುತ್ತದೆ. ಅತ್ಯಲ್ಪ ಪ್ರಮಾಣದ ಬ್ರೋಮೊಫೀನಾಲ್ ಸಿಗಡಿಗೆ ಸಮುದ್ರದ ರುಚಿ ಕೊಡುವ ವಸ್ತುವೇ. ಸ್ವಲ್ಪ ಹೆಚ್ಚಾದರೆ ಅದೇ ಸಿಗಡಿ ಆಸ್ಪತ್ರೆಯ ಹಾಗೆ ನಾರಿ ತಿನ್ನಲು ಬಾರದು. ಉಪ್ಪೇರಿದ ಬಾವಿಯಲ್ಲೂ ಇದೇ ಆಗುತ್ತದೆ.

ಅಡಿಕೆ, ಕಾಳುಮೆಣಸು, ಏಲಕ್ಕಿ ಇಡುವ ಅಟ್ಟ ಮತ್ತು ಗೋದಾಮುಗಳ ತೊಂದರೆ ಇನ್ನೂ ಸೂಕ್ಷ್ಮ. ಅಲ್ಲಿನ ನೆಲಕ್ಕೆ ಫಿನಾಯಿಲ್ ಮತ್ತು ಬ್ಲೀಚಿಂಗ್ ಒಂದರ ಮೇಲೊಂದು ಬಿದ್ದರೆ ಟ್ರೈಕ್ಲೋರೊಫೀನಾಲ್ ಹುಟ್ಟಿ ಮರಕ್ಕೆ, ಗೋಣಿಗೆ ಸೇರಿಕೊಳ್ಳುತ್ತದೆ. ಮಳೆಗಾಲದ ತೇವಕ್ಕೆ ಬೂಸ್ಟು ಬಂದಾಗ ಆ ಬೂಸ್ಟು ತನಗೆ ವಿಷವಾದ ಇದನ್ನು ಟ್ರೈಕ್ಲೋರೊಅನಿಸೋಲ್ ಆಗಿ ಬದಲಾಯಿಸುತ್ತದೆ. ಅದಕ್ಕೆ ಹಳೆಯ ಒದ್ದೆ ಗೋಣಿಯ ಮುಗ್ಗುಲು ವಾಸನೆ. ಲೀಟರ್ ನೀರಿನಲ್ಲಿ ಗ್ರಾಮಿನ ಲಕ್ಷಕೋಟಿ ಪಾಲಿನ ಲೆಕ್ಕದಲ್ಲಿದ್ದರೂ ಮೂಗು ಹಿಡಿಯುತ್ತದೆ. ದ್ರಾಕ್ಷಾರಸದ ಬಾಟಲಿಗಳು ಬಿರಡೆಯಿಂದ ಕೆಡುವುದೂ, ಕೆಲವು ಕಾಫಿಗೆ ರಿಯೊ ಎಂಬ ಕೆಟ್ಟ ರುಚಿ ಬರುವುದೂ ಇದರಿಂದಲೇ. ಸಾಂಬಾರ ಪದಾರ್ಥ ಇಡುವಲ್ಲಿ ಫಿನಾಯಿಲ್ ಬಾಟಲಿಯೇ ಬೇಡ.

ಮತ್ತೆ ಬಾವಿಗೆ

ಬಾವಿಯ ಅಗಲ 2 ಮೀಟರ್, ನೀರಿನ ಆಳ 3 ಮೀಟರ್ ಎಂದುಕೊಳ್ಳಿ. ಅಗಲವನ್ನು ಅಗಲದಿಂದ, ಆಮೇಲೆ ಆಳದಿಂದ ಗುಣಿಸಿ, 785ರಿಂದ ಗುಣಿಸಿದರೆ ಲೀಟರ್ ಬರುತ್ತದೆ: 9,420. ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಎಂಬ ಲೆಕ್ಕಕ್ಕೆ ಸುಮಾರು 24 ಗ್ರಾಂ ಬೇಕು. ಈಗ ಈ ಬಾವಿಗೆ ಕಟ್ಟೆ ತೊಳೆದ ಫಿನಾಯಿಲಿನಿಂದ ಒಂದೇ ಒಂದು ಗ್ರಾಂ ಫೀನಾಲ್ ಇಳಿದಿದೆ ಎನ್ನಿ. ಲೀಟರಿಗೆ 106 ಮೈಕ್ರೊಗ್ರಾಂ ಆಯಿತು. ಒಂದು ಕ್ಲೋರಿನ್ನಿನ ಆರ್ಥೊ ಕ್ಲೋರೊಫೀನಾಲಿನ ರುಚಿ ನಾಲಿಗೆಗೆ 0.1 ಮೈಕ್ರೊಗ್ರಾಮಿಗೇ ತಿಳಿಯುತ್ತದೆ, ಎರಡು ಕ್ಲೋರಿನ್ನಿನದು 0.3ಕ್ಕೆ, ಮೂರರದು 2ಕ್ಕೆ. ಭಾರತೀಯ ಮಾನಕ ಕುಡಿಯುವ ನೀರಿನಲ್ಲಿ ಫೀನಾಲಿಗೆ ಲೀಟರಿಗೆ 1 ಮೈಕ್ರೊಗ್ರಾಮಿನ ಮಿತಿ ಇಟ್ಟಿದೆ. ಮಾಮೂಲಿ ಫೀನಾಲಿನ ರುಚಿ ಅಷ್ಟರಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಕ್ಲೋರಿನ್ ಬಿದ್ದ ಮೇಲೆ ಗೊತ್ತಾಗುತ್ತದೆ.

ಇದರಲ್ಲೊಂದು ವಿಚಿತ್ರವಿದೆ. ಕ್ಲೋರಿನ್ ತೀರ ಕಡಿಮೆ ಇದ್ದರೆ ಒಂದು, ಎರಡು ಅಂಟಿದ ಘಾಟು ಜಾತಿಗಳು ಉಳಿಯುತ್ತವೆ. ಸಾಕಷ್ಟು ಹೆಚ್ಚಾದರೆ ಮೂರೂ ತುಂಬಿ, ಆಮೇಲೆ ಉಂಗುರವೇ ಒಡೆದು ರುಚಿ ಮಾಯವಾಗುತ್ತದೆ. ಹಾಗಾಗಿ ವಾಸನೆ ಬಂದಾಗ "ಪೌಡರ್ ಜಾಸ್ತಿಯಾಯ್ತು" ಎಂಬುದು ಹಲವು ಸಲ ತಲೆಕೆಳಗಾದ ಮಾತು. ಹಾಗಂತ ಊಹೆಯ ಮೇಲೆ ಮತ್ತಷ್ಟು ಸುರಿಯುವುದೂ ಸರಿಯಲ್ಲ. ಫಿನಾಯಿಲ್ ಇಳಿದ ಬಾವಿಯನ್ನು ಪಂಪಿನಿಂದ ಖಾಲಿ ಮಾಡಿ, ಹೊಸ ಒರತೆ ತುಂಬಿದ ಮೇಲೆ ಕ್ಲೋರಿನ್ ಹಾಕುವುದೇ ನೇರ ದಾರಿ. 2019ರಂತೆ ಕಾಳಿ, ಗಂಗಾವಳಿ ಉಕ್ಕಿ ನೆರೆನೀರು ಬಾವಿಗೆ ನುಗ್ಗಿದಾಗಲೂ ಮೊದಲ ಕೆಲಸ ಖಾಲಿ ಮಾಡುವುದೇ.

ಪೌಡರ್ ಹಾಕುವ ಕ್ರಮ ಹೀಗೆ: ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದೆ ಕಲಸಿ, ಮುಕ್ಕಾಲು ತುಂಬಿಸಿ, ಹತ್ತು ನಿಮಿಷ ತಿಳಿಯಾಗಲು ಬಿಡಿ. ಸುಣ್ಣ ಕೆಳಗೆ ಕೂರುತ್ತದೆ, ಅದನ್ನು ಬಾವಿಗೆ ಹಾಕಬಾರದು. ಮೇಲಿನ ತಿಳಿಯನ್ನು ಮತ್ತೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗಕ್ಕೆ ಕಟ್ಟಿ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ, ಅಕ್ಕಪಕ್ಕ ಎಳೆದಾಡಿ. ಒಂದು ಗಂಟೆ ಯಾರೂ ನೀರೆತ್ತಬಾರದು. ಗಂಟೆಯ ನಂತರ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಹನಿ ಹಾಕಿ ಬಣ್ಣ ನೋಡುವ ಸಣ್ಣ ಕಿಟ್ಟಿನಲ್ಲಿ ಇದು ತಿಳಿಯುತ್ತದೆ. ಉಳಿದಿಲ್ಲವೆಂದರೆ ನೀರಿನಲ್ಲಿ ಏನೋ ಕ್ಲೋರಿನ್ ತಿನ್ನುತ್ತಿದೆ, ಇಲ್ಲವೇ ಪೌಡರ್ ಸತ್ತಿದೆ. ನಮ್ಮ ಕರಾವಳಿಯ ತೇವಕ್ಕೆ ಬಾಯಿ ತೆರೆದ ಚೀಲದ ಪೌಡರ್ ಬೇಗ ಸಾಯುತ್ತದೆ, ಮುದ್ದೆಗಟ್ಟಿ ವಾಸನೆ ಕಳೆದುಕೊಂಡದ್ದರಲ್ಲಿ ಸುಣ್ಣ ಬಿಟ್ಟರೆ ಹೆಚ್ಚೇನೂ ಉಳಿದಿರುವುದಿಲ್ಲ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ, ಬಿಸಿಲಿಲ್ಲದ ಕಡೆ ಇಡಿ. ಟಾಯ್ಲೆಟ್ಟಿನ ಆಸಿಡ್ ಪಕ್ಕದಲ್ಲಂತೂ ಇಡಲೇಬೇಡಿ, ಎರಡು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾವಿಕಟ್ಟೆಯ ಪಾಚಿಗೆ ಗಟ್ಟಿ ಬ್ರಷ್ ಮತ್ತು ಇದೇ ಬ್ಲೀಚಿಂಗಿನ ತಿಳಿ ಸಾಕು. ಫಿನಾಯಿಲ್ ಬಾಟಲಿ ಕೊಟ್ಟಿಗೆಯ ಕಡೆಯೇ ಇರಲಿ.